ಈಗ ನಿಮ್ಮ ಸಮಯ ನಿಮ್ಮದೇ ಅಲ್ವಾ?

ಅಂಗಡಿ ಇಟ್ಟ ಮೇಲೆ ಕಂಡವರೆಲ್ಲ ಕೇಳುವ ಮಾತು ಒಂದೇ. "ಬಿಡಿ, ನಿಮಗೇನು! ಮೇಲಿನವರ ಕಾಟ ಇಲ್ಲ, ರಜೆ ಚೀಟಿ ಬರೆಯೋದಿಲ್ಲ. ಈಗ ನಿಮ್ಮ ಸಮಯ ನಿಮ್ಮದೇ ಅಲ್ವಾ?" ಕೇಳುವವರಲ್ಲಿ ಹೆಚ್ಚಿನವರು ಸಂಬಳದ ಕೆಲಸದಲ್ಲಿದ್ದು, ತಾವೂ ಒಂದು ಪುಟ್ಟ ಅಂಗಡಿ ಇಟ್ಟರೆ ಹೇಗೆ ಅಂತ ಒಳಗೊಳಗೇ ಲೆಕ್ಕ ಹಾಕುತ್ತಿರುವವರು. ಕೌಂಟರಿನ ಹಿಂದೆ ನಿಂತು ಇದಕ್ಕೆ ಉತ್ತರ ಹೇಳಲು ಪುರುಸೊತ್ತಿರುವುದಿಲ್ಲ, "ಹೂಂ" ಅಂದು ನಕ್ಕುಬಿಡುತ್ತೇನೆ. ಇಲ್ಲಿ ಸಾವಕಾಶವಾಗಿ ಹೇಳುತ್ತೇನೆ: ಇಲ್ಲ.

ನಮ್ಮದು ನೋಟ್‌ಬುಕ್ಕು, ಪೆನ್ನು, ಫೈಲು, ಅಂಟು, ಚಾರ್ಟ್ ಪೇಪರಿನ ಅಂಗಡಿ. ನಾನು, ನಮ್ಮವರು, ಅತ್ತೆ, ನಾಲ್ಕನೇ ತರಗತಿಯ ಮಗಳು, ಇಷ್ಟೇ ಜನ. ಬೆಳಿಗ್ಗೆ 9ಕ್ಕೆ ಶಟರ್ ಎತ್ತಿದರೆ ರಾತ್ರಿ 8ಕ್ಕೆ ಇಳಿಸುವುದು. ಭಾನುವಾರ ರಜೆ. ಅಲ್ಲಿಗೆ ವಾರಕ್ಕೆ 66 ಗಂಟೆ ಆಯಿತು. ಎತ್ತುವ ಮೊದಲು ಕಸ ಗುಡಿಸಿ ಮಾಲು ಜೋಡಿಸುವುದು, ಇಳಿಸಿದ ಮೇಲೆ ಲೆಕ್ಕ ಬರೆಯುವುದು ಇದರಲ್ಲಿ ಸೇರಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1930ರಲ್ಲೇ ಅಂಗಡಿ ಮತ್ತು ಕಚೇರಿಗಳ ಕೆಲಸಕ್ಕೆ ವಾರಕ್ಕೆ 48 ಗಂಟೆ, ದಿನಕ್ಕೆ 8 ಗಂಟೆ ಎಂಬ ಮಿತಿ ಹಾಕಿಕೊಟ್ಟಿದೆ. ಓದಿ ಖುಷಿಪಟ್ಟೆ. ಕೆಳಗೆ ಇನ್ನೊಂದು ಸಾಲಿತ್ತು: ಮಾಲೀಕರ ಮನೆಯವರು ಮಾತ್ರ ದುಡಿಯುವ ಅಂಗಡಿಗಳನ್ನು ಆಯಾ ದೇಶದವರು ಬೇಕಾದರೆ ಈ ನಿಯಮದಿಂದ ಹೊರಗಿಡಬಹುದು. ನಮ್ಮಂಥವರನ್ನು ಯಾರೋ ಮೊದಲೇ ನೋಡಿ ಬರೆದ ಹಾಗಿದೆ. ಮನೆಯವರನ್ನು ದುಡಿಸಿಕೊಳ್ಳುವುದಕ್ಕೆ ಕಾನೂನು ತಡೆಯಲಾರದು ಅಂತ ಅವರಿಗೂ ಗೊತ್ತಿತ್ತೇನೋ.

ಬೇಕಾದಾಗ ಬಾಗಿಲು ಹಾಕಬಹುದಲ್ಲ ಅನ್ನುತ್ತಾರೆ. ಹಾಕಬಹುದು. ಮೊದಲ ತಿಂಗಳು ಹಾಗೇ ಮಾಡಿದೆವು, "ಐದು ನಿಮಿಷದಲ್ಲಿ ಬರುತ್ತೇವೆ" ಅಂತ ಒಂದು ರಟ್ಟು ನೇತುಹಾಕಿ. ಯಾವಾಗಿನಿಂದ ಐದು ನಿಮಿಷ ಅಂತ ಓದುವವರಿಗೆ ತಿಳಿಯುವುದಾದರೂ ಹೇಗೆ? ಒಮ್ಮೆ ಬಂದು ವಾಪಸ್ ಹೋದವರು ಎರಡನೇ ಸಲವೂ ಬರುತ್ತಾರೆ. ಆಗಲೂ ಬಾಗಿಲು ಹಾಕಿದ್ದರೆ ಮೂರನೇ ಸಲ ಬರುವುದಿಲ್ಲ. ಬರದೇ ಇದ್ದವರು ನಮ್ಮ ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ, ಅದೇ ತೊಂದರೆ. ಹೊಸ ಅಂಗಡಿಯ ದೊಡ್ಡ ಬಂಡವಾಳ ಹೇಳಿದ ಹೊತ್ತಿಗೆ ಬಾಗಿಲು ತೆರೆದಿರುವುದು ಅಂತ ನನಗೆ ಅರ್ಥವಾಗುವಷ್ಟರಲ್ಲಿ ಆ ರಟ್ಟು ಅಂಚೆಲ್ಲ ಸವೆದುಹೋಗಿತ್ತು.

ಇದರ ಏಟು ಮೊದಲು ಬಿದ್ದದ್ದು ಊಟದ ಮೇಲೆ. ಮೊದಲ ಮೂರು ತಿಂಗಳು ನಾವು ನಾಲ್ವರೂ ಒಟ್ಟಿಗೆ ಕೂತು ಉಂಡದ್ದು ಭಾನುವಾರಗಳಲ್ಲಿ ಮಾತ್ರ. ಮಿಕ್ಕ ದಿನ ಒಬ್ಬರು ಉಂಡು ಬಂದ ಮೇಲೆ ಇನ್ನೊಬ್ಬರು. ಜನ ಜಾಸ್ತಿಯಿದ್ದರೆ ಫೈಲುಗಳ ಡಬ್ಬಿಯ ಹಿಂದೆ ತಟ್ಟೆ ಇಟ್ಟುಕೊಂಡು ನಿಂತೇ. ಬಾಯಲ್ಲಿ ತುತ್ತಿರುವಾಗಲೇ "200 ಪುಟದ್ದು ಇದೆಯಾ, ಗೆರೆ ಇಲ್ಲದ್ದು?" ಅಂತ ಕೇಳುವವರು ಬರುತ್ತಾರೆ. ಒಮ್ಮೆ ಹಾಗೆ ಎಡಗೈಯಲ್ಲಿ ಕೊಡಲು ಹೋಗಿ ತಟ್ಟೆಯ ಎಣ್ಣೆ ನಾಲ್ಕು ಪುಸ್ತಕದ ರಟ್ಟಿಗೆ ಹತ್ತಿತು. ಮಾರುವ ಹಾಗಿಲ್ಲ. ಆ ವರ್ಷ ಮಗಳ ವಿಜ್ಞಾನ, ಸಮಾಜ ಎರಡಕ್ಕೂ ಎಣ್ಣೆ ಕಲೆಯ ಪುಸ್ತಕವೇ. ಅವಳು ಕಲೆಯ ಸುತ್ತ ಗೆರೆ ಎಳೆದು ಅದನ್ನೊಂದು ದ್ವೀಪ ಮಾಡಿಕೊಂಡಿದ್ದಳು.

ಇನ್ನು ದುಡ್ಡಿನ ವಿಷಯ. ಸಮಯದ ಪ್ರಶ್ನೆಗೆ ದುಡ್ಡು ಯಾಕೆ ಅನ್ನಬೇಡಿ. ನಮ್ಮ ಮನೆಯಲ್ಲಿ ರಾತ್ರಿಯ ಅರ್ಧ ಹೊತ್ತು ತಿಂದದ್ದು ಅದೇ.

ಶಾಲೆ ಶುರುವಾಗುವ ವಾರಗಳಲ್ಲಿ ನಮ್ಮ ಗಲ್ಲಾ ಪೆಟ್ಟಿಗೆ ಮುಚ್ಚಲು ಬರುತ್ತಿರಲಿಲ್ಲ. ಆಗ ನಮ್ಮವರು ಅದರಿಂದಲೇ ಮಗಳ ಶಾಲೆಯ ಫೀಸು ಕಟ್ಟಿದರು, ನಾನು ಅದರಿಂದಲೇ ಮನೆಗೆ ಹೊಸ ಮಿಕ್ಸಿ ತಂದೆ. ಯಾರೂ ಯಾರನ್ನೂ ಕೇಳಲಿಲ್ಲ, ಬರೆದಿಡಲೂ ಇಲ್ಲ. ನಮ್ಮದೇ ಅಂಗಡಿ, ನಮ್ಮದೇ ದುಡ್ಡು. ಮೂರನೇ ವಾರ ಸಗಟು ವ್ಯಾಪಾರಿಯ ಬಿಲ್ಲು ಬಂತು. ಗಲ್ಲಾದಲ್ಲಿ ಅದರ ಮುಕ್ಕಾಲು ಭಾಗವೂ ಇರಲಿಲ್ಲ. ಆ ರಾತ್ರಿ ಎಷ್ಟು ವ್ಯಾಪಾರವಾಗಿದೆ ಅಂತ ಅವರು, ಎಷ್ಟು ಉಳಿದಿದೆ ಅಂತ ನಾನು, ಬೇರೆ ಬೇರೆ ಲೆಕ್ಕ ಹಿಡಿದು ಜಗಳ ಆಡಿದೆವು. ಇಬ್ಬರದೂ ಸರಿಯಾಗಿತ್ತು, ಅದಕ್ಕೇ ಜಗಳ ಮುಗಿಯಲಿಲ್ಲ.

ಬರೆದು ನೋಡಿದರೆ ವಿಷಯ ಸರಳ. 100ಕ್ಕೆ ತಂದದ್ದನ್ನು 125ಕ್ಕೆ ಮಾರಿದರೆ ಪೆಟ್ಟಿಗೆಗೆ ಬೀಳುವುದು 125. ಅದರಲ್ಲಿ 100 ಸಗಟಿನವರದು, ಅಥವಾ ಅದೇ ಮಾಲನ್ನು ಮತ್ತೆ ತರಲು ಬೇಕಾದದ್ದು. ಉಳಿದ 25ರಲ್ಲಿ ಬಾಡಿಗೆ, ಕರೆಂಟು, ಸಾಗಾಣಿಕೆ, ಹಾಳಾದ ಮಾಲು ಕಳೆದು ಕೊನೆಗೆ ಉಳಿದರೆ ಅದು ನಮ್ಮದು. ಇದನ್ನು ನಾವು 25 ಪರ್ಸೆಂಟ್ ಲಾಭ ಅಂದುಕೊಂಡಿದ್ದೆವು. ಮಾರಿದ ಬೆಲೆಯ ಮೇಲೆ ನೋಡಿದರೆ ಅದು 20 ಪರ್ಸೆಂಟೇ. ಹಾಗಾಗಿಯೇ "ನಮಗೊಂದು ಹತ್ತು ಪರ್ಸೆಂಟ್ ಬಿಡಿ" ಅಂತ ನೆಂಟರು ಸಲೀಸಾಗಿ ಕೇಳಿದಾಗ ಎದೆ ಧಸಕ್ಕೆನ್ನುವುದು. 125ರಲ್ಲಿ ಹತ್ತು ಪರ್ಸೆಂಟ್ ಅಂದರೆ ಹನ್ನೆರಡೂವರೆ, ನಮ್ಮ 25ರಲ್ಲಿ ಸರಿಯಾಗಿ ಅರ್ಧ. ಸಾಲಕ್ಕೆ ಮಾಲು ಒಯ್ದವರು ದುಡ್ಡು ಕೊಡದೇ ಹೋದರೋ, ಮುಳುಗಿದ 100 ಎದ್ದು ಬರಲು ಅಂಥವೇ ಇನ್ನೂ ನಾಲ್ಕು ಮಾರಬೇಕು, ಬಾಡಿಗೆ ಗೀಡಿಗೆ ಎಲ್ಲ ಮರೆತು. ಹತ್ತಿರದವರೊಬ್ಬರು ಹಾಗೆ ಎರಡು ಡಜನ್ ನೋಟ್‌ಬುಕ್ಕು ಒಯ್ದು, ಈಗ ನಮ್ಮ ಅಂಗಡಿಯ ಎದುರಿನ ರಸ್ತೆಯನ್ನೇ ಬಿಟ್ಟಿದ್ದಾರೆ. ಪುಸ್ತಕ ಹೋದದ್ದಕ್ಕಿಂತ ಅತ್ತೆಗೆ ಅವರ ಮಾತುಕತೆ ಹೋದದ್ದು ಹೆಚ್ಚು ಬೇಜಾರು.

1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ಒಂದು ಗಣಿತದ ಪುಸ್ತಕದಲ್ಲಿ ಲೂಕಾ ಪಾಚೋಲಿ ಎಂಬ ಕ್ರೈಸ್ತ ಸನ್ಯಾಸಿ ಆ ಊರಿನ ವರ್ತಕರು ಲೆಕ್ಕ ಇಡುವ ಬಗೆಯನ್ನು ವಿವರಿಸಿದ್ದಾನೆ. ಪದ್ಧತಿ ಅವನು ಕಂಡುಹಿಡಿದದ್ದಲ್ಲ, ಚಾಲ್ತಿಯಲ್ಲಿದ್ದುದನ್ನು ಬರೆದಿಟ್ಟ. ಮೂರು ಪುಸ್ತಕ ಇಡಬೇಕು ಅನ್ನುತ್ತಾನೆ. ನಮ್ಮ ಹಳೆಯ ಅಂಗಡಿಯವರ ಮಾತಲ್ಲಿ ಹೇಳುವುದಾದರೆ ಒಂದು ಕಚ್ಚಾ ಪುಸ್ತಕ, ಆಮೇಲೆ ಕಿರ್ದಿ (ದಿನವಾರು ಲೆಕ್ಕ), ಆಮೇಲೆ ಖಾತೆ (ಯಾರದು, ಯಾವುದರದು ಅಂತ ಬೇರೆ ಬೇರೆ ಮಾಡಿದ ಲೆಕ್ಕ). ಆದದ್ದನ್ನೆಲ್ಲ ಆದ ಕೂಡಲೇ ಕಚ್ಚಾ ಪುಸ್ತಕದಲ್ಲಿ ಬರೆಯಬೇಕು, ಮಾಲೀಕ ಇಲ್ಲದಿದ್ದರೆ ಕೆಲಸದವರೋ ಮನೆಯ ಹೆಂಗಸರೋ ಬರೆಯಬೇಕು. ಮನೆಖರ್ಚಿಗೆ ಅಂತಲೇ ಬೇರೆ ಖಾತೆ ಇಡಬೇಕು ಅಂತಲೂ ಇದೆ. ಐನೂರು ವರ್ಷದ ಹಿಂದೆಯೇ ಯಾವನೋ ವರ್ತಕ ಗಲ್ಲಾದಿಂದ ಮನೆಗೆ ದುಡ್ಡು ಒಯ್ದು ಸಿಕ್ಕಿಬಿದ್ದಿರಬೇಕು.

ಆ ಜಗಳ ಆದಂದಿನಿಂದ ನಮ್ಮ ಕೌಂಟರಿಗೆ ದಾರ ಕಟ್ಟಿದ ಒಂದು ಕಚ್ಚಾ ಪುಸ್ತಕವಿದೆ (ಎಣ್ಣೆ ಕಲೆಯ ನಾಲ್ಕರಲ್ಲಿ ಅದೂ ಒಂದು). ಯಾರೇ ಆಗಲಿ, ಗಲ್ಲಾದಿಂದ ಎಷ್ಟೇ ತೆಗೆದರೂ ಬರೆಯಲೇಬೇಕು. ತಿಂಗಳ ಮೊದಲ ದಿನ ನಮಗೆ ನಾವೇ ಒಂದು ಗೊತ್ತಾದ ಸಂಬಳ ಕೊಟ್ಟುಕೊಳ್ಳುತ್ತೇವೆ, ಮನೆ ನಡೆಯಬೇಕಾದದ್ದು ಅದರಲ್ಲೇ. ಮೊದಲು ಸಿಗುತ್ತಿದ್ದ ಸಂಬಳಕ್ಕಿಂತ ಕಡಿಮೆ, ಅದನ್ನು ಮುಚ್ಚಿಡುವುದೇನಿದೆ. ಮಗಳು ತೆಗೆದುಕೊಂಡ ಪೆನ್ಸಿಲ್ಲೂ ಪುಸ್ತಕದಲ್ಲಿ ಬರುತ್ತದೆ, ಅವಳದೇ ಅಕ್ಷರದಲ್ಲಿ: "ಪೆನ್ಸಿಲ್ 1, ನಾನು."

ಚಿಲ್ಲರೆ ಕೊಡುವುದನ್ನೂ ಅವಳು ಇಲ್ಲೇ ಕಲಿತಳು. 37ರ ಸಾಮಾನಿಗೆ 50 ಕೊಟ್ಟರೆ ಕಳೆಯುವ ಲೆಕ್ಕ ಮಾಡಬೇಡ ಅಂದರು ಅತ್ತೆ, ಏರುತ್ತಾ ಹೋಗು. ಬಿಡಿ ನಾಣ್ಯ ಒಂದೊಂದಾಗಿ ಇಡುತ್ತಾ "ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು", ಆಮೇಲೆ ಹತ್ತರದ್ದೊಂದು ಇಟ್ಟು "ಐವತ್ತು". ಕೊಡುವವರೂ ತೆಗೆದುಕೊಳ್ಳುವವರೂ ಒಟ್ಟಿಗೆ ಎಣಿಸಿದ ಹಾಗಾಗುತ್ತದೆ, ಆಮೇಲೆ ತಕರಾರಿಲ್ಲ. ಅತ್ತೆ ಅಂಗಡಿಯಲ್ಲಿ ಕೂತರೆ ವ್ಯಾಪಾರ ನಿಧಾನ. ಬಂದವರ ಮನೆಯವರೆಲ್ಲ ಹೇಗಿದ್ದಾರೆ ಅಂತ ವಿಚಾರಿಸದೆ ಅವರು ರೀಫಿಲ್ ಕೊಡುವುದಿಲ್ಲ. ಆದರೆ ಯಾವ ಶಾಲೆಯ ಯಾವ ತರಗತಿಯಲ್ಲಿ ಬರುವ ವಾರ ಏನು ಕೇಳುತ್ತಾರೆ ಎಂಬುದು ಅವರಿಗೆ ನಮಗಿಂತ ಮೊದಲು ಗೊತ್ತಿರುತ್ತದೆ.

ಗೊತ್ತಿಲ್ಲದೇ ಮಾಲು ತಂದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮೇಲಿನ ಶೆಲ್ಫೇ ಸಾಕ್ಷಿ. ಕಾಗದದ ಸಾಮಾನು ಕೆಡುವುದಿಲ್ಲ ಅಂತ ನಂಬಿದ್ದೆವು. ರಬ್ಬರ್ ಬ್ಯಾಂಡು ವರ್ಷ ದಾಟಿದರೆ ಎಳೆದಲ್ಲೇ ತುಂಡಾಗುತ್ತದೆ, ಅಂಟು ಟ್ಯೂಬಿನಲ್ಲೇ ಗಟ್ಟಿಯಾಗುತ್ತದೆ, ಬಿಸಿಲು ಬೀಳುವ ಕಡೆ ಜೋಡಿಸಿದ ಬಣ್ಣದ ಕಾಗದ ಒಂದೇ ಮಗ್ಗುಲಲ್ಲಿ ಮಾಸುತ್ತದೆ. ಹೊಸದು ಬಂದರೆ ಹಿಂದಕ್ಕೆ, ಹಳೆಯದು ಮುಂದಕ್ಕೆ ಅಂತ ಈಗ ಶನಿವಾರ ರಾತ್ರಿ ಎಲ್ಲ ಇಳಿಸಿ ಮತ್ತೆ ಜೋಡಿಸುತ್ತೇವೆ. ಇಷ್ಟಾದರೂ ಜಾಗ ಬಿಟ್ಟು ಕದಲದೇ ಇರುವುದು ಒಂದು ಕಟ್ಟು ನೇರಳೆ ಚಾರ್ಟ್ ಪೇಪರು. ಕಟ್ಟಿಗೆ ಕಟ್ಟೇ ತಗೊಂಡರೆ ಅಗ್ಗ ಅಂತ ನಮ್ಮವರು ತಂದದ್ದು. ನಾನೇನೂ ಅನ್ನುವುದಿಲ್ಲ, ಸುಮ್ಮನೆ ಧೂಳು ಹೊಡೆಯುತ್ತೇನೆ.

ಹಾಗಾದರೆ ನಮ್ಮ ಸಮಯ ಅನ್ನುವುದು ಇಲ್ಲವೇ ಇಲ್ಲವಾ? ಭಾನುವಾರ ಇದೆ. ಅದನ್ನು ಉಳಿಸಿಕೊಳ್ಳಲು ಸಾಕಷ್ಟು ಗುದ್ದಾಡಿದ್ದೇವೆ. ಎರಡು ಮದುವೆಗೆ ಒಬ್ಬೊಬ್ಬರೇ ಹೋಗಿಬಂದು, "ಅವರೆಲ್ಲಿ?" ಎಂಬ ಪ್ರಶ್ನೆಗೆ ಸರದಿಯಲ್ಲಿ ಉತ್ತರ ಕೊಟ್ಟ ಮೇಲೆ ಅತ್ತೆಯೇ ಹಾಕಿದ ನಿಯಮ: ಭಾನುವಾರ ಊಟಕ್ಕೆ ಕೂತಾಗ ಅಂಗಡಿಯ ಸುದ್ದಿ ಎತ್ತಬಾರದು. ಅದನ್ನು ಹೆಚ್ಚಾಗಿ ಮುರಿಯುವವರೂ ಅವರೇ.

ಹೋದ ಭಾನುವಾರ ಸಂಜೆ ನಾಲ್ವರೂ ತಟ್ಟೆ ಮುಂದೆ ಕೂತಿದ್ದೆವು. ಬೆಲ್ ಆಯಿತು. ಬಾಗಿಲಲ್ಲಿ ಒಬ್ಬ ಹುಡುಗ, ಮಗಳಿಗಿಂತ ಸ್ವಲ್ಪ ಚಿಕ್ಕವನು, ಓಡಿ ಬಂದಿದ್ದ. "ಆಂಟಿ, ನಾಳೆ ಪ್ರಾಜೆಕ್ಟ್ ಇದೆ, ಒಂದು ಚಾರ್ಟ್ ಪೇಪರ್ ಬೇಕಿತ್ತು." ಮಗಳು ಒಳಗಿಂದಲೇ "ಇವತ್ತು ರಜೆ" ಅಂದಳು. ನಾನು ಅವನ ಮುಖ ನೋಡಿದೆ, ಮೊಳೆಗೆ ನೇತುಹಾಕಿದ್ದ ಬೀಗದ ಕೈ ನೋಡಿದೆ, ಕೈ ತೊಳೆದು ಚಪ್ಪಲಿ ಹಾಕಿಕೊಂಡೆ. ನಡೆದರೆ ಐದು ನಿಮಿಷದ ದಾರಿ. ಶಟರ್ ಅರ್ಧ ಎತ್ತಿ, ಬಗ್ಗಿ ಒಳಗೆ ಹೋಗಿ ದೀಪ ಹಾಕಿದೆ.

"ಯಾವ ಬಣ್ಣ?"

"ಹಳದಿ."

ಹಳದಿ ಶನಿವಾರವೇ ಮುಗಿದಿತ್ತು. ಮೇಲಿನ ಶೆಲ್ಫಿನ ಕಡೆ ಕೈ ತೋರಿಸಿ, ನೇರಳೆ ಆಗುತ್ತಾ ಅಂತ ಕೇಳಿದೆ. ಅವನು ಅದನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ.

"ಸೂರ್ಯ ಮಾಡ್ಬೇಕು ಆಂಟಿ" ಅಂದ.