ಸಸ್ತನಿ ಮಾದರಿಗಳ ಪಟ್ಟಿ: ಎರಡನೆಯ ಹಂತದ ವರದಿ

ಶಿರಸಿಯ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿರುವ ಸಸ್ತನಿ ಮಾದರಿಗಳನ್ನು ಪಟ್ಟಿ ಮಾಡುವ ನಮ್ಮ ಕೆಲಸ ಎರಡನೆಯ ಹಂತಕ್ಕೆ ಬಂದಿದೆ. ಮೊದಲ ಹಂತದಲ್ಲಿ ಹತ್ತಿ ತುಂಬಿದ ಒಣ ಚರ್ಮಗಳಿಗೆ, ತಲೆಬುರುಡೆಗಳಿಗೆ, ಜಾಡಿಗಳಲ್ಲಿರುವ ಬಾವಲಿ, ಇಲಿ, ಸುಂಡಿಲಿಗಳಿಗೆ ಒಂದೊಂದು ಸಂಖ್ಯೆ ಕೊಟ್ಟು, ಫೋಟೊ ತೆಗೆದು, ಚೀಟಿಯಲ್ಲಿದ್ದುದನ್ನು ಒಂದಕ್ಷರವೂ ಬದಲಿಸದೆ ಕಂಪ್ಯೂಟರಿಗೆ ಏರಿಸಿದೆವು. ಮಳೆಗಾಲದ ತೇವದಲ್ಲಿ ಕಪಾಟು ತೆರೆದರೆ ಚರ್ಮಕ್ಕೆ ಬೂಸು ಹಿಡಿಯುವುದರಿಂದ, ಈಗ ಚೀಟಿಗಳಲ್ಲಿರುವ ಊರುಗಳನ್ನು ನಕ್ಷೆಯ ಮೇಲೆ ಗುರುತಿಸುತ್ತಿದ್ದೇವೆ.

ಪ್ರಾಣಿಗಳ ಹೆಸರು ಸರಿಯಿದೆಯೇ ಎಂದು ನೋಡುವ ಮೊದಲು ಊರು ಹುಡುಕುವುದೇಕೆ ಎಂದು ಕೆಲವು ವಿದ್ಯಾರ್ಥಿಗಳು ಕೇಳಿದರು. ಮಾದರಿ ಉಳಿದಿರುವವರೆಗೆ ಹೆಸರನ್ನು ತಿದ್ದಲು ಅವಕಾಶವಿರುತ್ತದೆ. ತಮಿಳುನಾಡಿನ ಮೇಘಮಲೆಯಲ್ಲಿ 1948ರಲ್ಲಿ ಸಿಕ್ಕ ಬಾವಲಿಯೊಂದು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗ್ರಹದಲ್ಲಿ ಸಾಮಾನ್ಯ ಹಣ್ಣುಬಾವಲಿಯೆಂಬ ಹೆಸರಿನಲ್ಲೇ ಇತ್ತು; ಥಾಯ್ಲೆಂಡಿನ ಕಿಟ್ಟಿ ಥೊಂಗ್‌ಲೊಂಗ್ಯಾ ಅದನ್ನು ಮತ್ತೆ ಪರೀಕ್ಷಿಸಿ, 1972ರಲ್ಲಿ ಹೊಸ ಕುಲವೆಂದೇ ವಿವರಿಸಿ, ಸಲೀಂ ಅಲಿಯವರ ಹೆಸರಿಟ್ಟರು. ಆದರೆ ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಎಂಬುದು ಅಳಿಸಿಹೋದರೆ ಯಾವ ತಜ್ಞರೂ ಅದನ್ನು ಮೂಳೆ ನೋಡಿ ಹೇಳಲಾರರು.

ನಮ್ಮ ಚೀಟಿಗಳಲ್ಲಿ ಹೆಚ್ಚು ಹೊತ್ತು ತೆಗೆದುಕೊಂಡದ್ದು ‘ಸೂಪಾ’. ಕಾಳಿ ನದಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಳೆಯ ಸೂಪಾ ಊರು ಹಿನ್ನೀರಿನಲ್ಲಿ ಮುಳುಗಿ, ತಾಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ಇಂದಿನ ನಕ್ಷೆಯಲ್ಲಿ ಹುಡುಕಿದರೆ ಸಿಗುವುದು ಜಲಾಶಯ. ಬರೆದವರ ಮನಸ್ಸಿನಲ್ಲಿದ್ದುದು ಊರೋ ಇಡೀ ತಾಲೂಕೋ ಎಂಬುದೂ ಚೀಟಿಯಿಂದ ತಿಳಿಯುವುದಿಲ್ಲ. ಹಾಗಾಗಿ ಹಳೆಯ ಸರ್ವೆ ನಕ್ಷೆಯಲ್ಲಿ ಊರಿದ್ದ ಜಾಗವನ್ನು ಮಧ್ಯಬಿಂದುವಾಗಿ ಇಟ್ಟುಕೊಂಡು, ತಾಲೂಕಿನ ಅಂಚಿನವರೆಗೂ ತಲುಪುವ ವೃತ್ತವನ್ನು ಅನಿಶ್ಚಿತತೆಯ ಅಳತೆಯಾಗಿ ದಾಖಲಿಸಿದ್ದೇವೆ. ‘ದೇವಿಮನೆ ಘಟ್ಟ’ ಎಂದಷ್ಟೇ ಬರೆದಿರುವ ಕಡೆ ತೊಡಕು ಬೇರೆ ಬಗೆಯದು. ಕುಮಟಾ ಕಡೆಯ ಬುಡಕ್ಕೂ ಶಿರಸಿ ಕಡೆಯ ನೆತ್ತಿಗೂ ನಡುವೆ ಎತ್ತರ, ಮಳೆ, ಕಾಡು ಎಲ್ಲವೂ ಬದಲಾಗುತ್ತವೆ. ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಕೆಲವು ಮಾದರಿಗಳು ಘಟ್ಟದ ಕೆಳಗಿನವೆಂದು ನೆನಪಿನಿಂದ ಹೇಳಿದರು. ಆ ಮಾತನ್ನು ಚೀಟಿಯ ಮಾಹಿತಿಯೊಡನೆ ಬೆರೆಸದೆ, ಯಾರು ಯಾವಾಗ ಹೇಳಿದರೆಂಬ ವಿವರದೊಂದಿಗೆ ಬೇರೆ ಅಂಕಣದಲ್ಲಿ ಇಟ್ಟಿದ್ದೇವೆ. ಮುಂದೆ ಬಳಸುವವರು ಅದನ್ನು ಎಷ್ಟು ನಂಬಬೇಕೆಂಬುದನ್ನು ತಾವೇ ನಿರ್ಧರಿಸಬಹುದು.

ಎತ್ತರದ ವಿಚಾರದಲ್ಲಿ ಇಷ್ಟು ಹಟ ಹಿಡಿಯಲು ಕಾರಣವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಬರ್ಕ್ಲಿಯಲ್ಲಿ 1908ರಲ್ಲಿ ಆರಂಭಿಸಿದ ಕಶೇರುಕ ಸಂಗ್ರಹಾಲಯದ ಮೊದಲ ನಿರ್ದೇಶಕ ಜೋಸೆಫ್ ಗ್ರಿನೆಲ್, ಮಾದರಿಯ ಜೊತೆಗೆ ಜಾಗ, ಎತ್ತರ, ಸುತ್ತಲಿನ ಗಿಡಮರಗಳನ್ನೂ ದಿನಚರಿಯಲ್ಲಿ ಬರೆದಿಡುವ ಶಿಸ್ತನ್ನು ರೂಢಿಸಿದ್ದರು. ಸುಮಾರು ಒಂದು ಶತಮಾನದ ಬಳಿಕ ಅದೇ ಸಂಗ್ರಹಾಲಯದವರು ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಗ್ರಿನೆಲ್ ತಂಡ ಓಡಾಡಿದ್ದ ಜಾಗಗಳಿಗೇ ಮತ್ತೆ ಹೋಗಿ ಸಮೀಕ್ಷೆ ಮಾಡಿದರು. ಅವರು ಗಮನಿಸಿದ 28 ಸಣ್ಣ ಸಸ್ತನಿ ಪ್ರಭೇದಗಳಲ್ಲಿ ಅರ್ಧದಷ್ಟು ಸರಾಸರಿ 500 ಮೀಟರ್ ಮೇಲಕ್ಕೆ ಸರಿದಿದ್ದವೆಂದು 2008ರಲ್ಲಿ ಪ್ರಕಟವಾಯಿತು. ನಮ್ಮ ಜಿಲ್ಲೆಗೂ ಅಂಥ ಹಳೆಯ ಅಡಿಪಾಯವಿದೆ: ಮುಂಬಯಿ ಸೊಸೈಟಿ 1911ರಲ್ಲಿ ಆರಂಭಿಸಿದ ಸಸ್ತನಿ ಸಮೀಕ್ಷೆಯವರು ಕೆನರಾದಲ್ಲಿಯೂ ಮಾದರಿಗಳನ್ನು ಸಂಗ್ರಹಿಸಿದ್ದರು. ಅಂದಿಗೂ ಇಂದಿಗೂ ನಡುವಣ ದಶಕಗಳ ಸಾಕ್ಷ್ಯವಾಗಿ ಇಂಥ ಕಾಲೇಜು ಕಪಾಟುಗಳು ನೆರವಾಗಬಲ್ಲವು ಎಂಬುದೇ ನಮ್ಮ ಶ್ರಮದ ಹಿಂದಿರುವ ನಂಬಿಕೆ.

ಸಂರಕ್ಷಣೆಯ ಕೆಲಸವೂ ಸ್ವಲ್ಪ ಸಾಗಿದೆ. ಸ್ಪಿರಿಟ್ ಆವಿಯಾಗಿ ಇಳಿದಿದ್ದ ಜಾಡಿಗಳನ್ನು ತುಂಬಿಸಿ ಮುಚ್ಚಳ ಬದಲಿಸಿದ್ದೇವೆ. ಹಿಂದೆ ಚರ್ಮಕ್ಕೆ ಆರ್ಸೆನಿಕ್ ಹಚ್ಚುವ ಪದ್ಧತಿಯಿದ್ದುದರಿಂದ ಕೈಗವಸಿಲ್ಲದೆ ಯಾರೂ ಹಳೆಯ ಚರ್ಮಗಳನ್ನು ಮುಟ್ಟಬಾರದೆಂಬ ಸೂಚನೆಯನ್ನು ಕಪಾಟುಗಳ ಮೇಲೆ ಅಂಟಿಸಿದ್ದೇವೆ. ಫಾರ್ಮಲಿನ್‌ನಲ್ಲಿದ್ದವುಗಳಿಂದ ಡಿಎನ್‌ಎ ಪಡೆಯುವುದು ಕಷ್ಟ. ಆ ಕೆಲಸಕ್ಕೆ ಒಣ ಚರ್ಮಗಳೇ ಹೆಚ್ಚು ಭರವಸೆಯವು, ಹಾಗಾಗಿ ಅವುಗಳಿಗೆ ಗಾಳಿಯಾಡದ ಪೆಟ್ಟಿಗೆ ಮತ್ತು ಸಿಲಿಕಾ ಜೆಲ್ ಮೊದಲು ಒದಗಿಸುತ್ತೇವೆ.

ರಸ್ತೆಯಲ್ಲಿ ಸತ್ತ ಕಬ್ಬೆಕ್ಕು, ಮುಳ್ಳುಹಂದಿಗಳನ್ನು ತಂದುಕೊಡಲೇ ಎಂದು ಕೆಲವರು ಕೇಳಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿಯಿಲ್ಲದೆ ಅವುಗಳನ್ನು ಎತ್ತಿಕೊಳ್ಳುವಂತಿಲ್ಲ. ದಯವಿಟ್ಟು ಅರಣ್ಯ ಇಲಾಖೆಗೆ ತಿಳಿಸಿ, ಜಾಗ ಮತ್ತು ದಿನಾಂಕದೊಂದಿಗೆ ನಮಗೊಂದು ಫೋಟೊ ಕಳುಹಿಸಿದರೆ ಸಾಕು. ಮಳೆ ನಿಂತ ಮೇಲೆ ತಲೆಬುರುಡೆಗಳ ಅಳತೆ ಆರಂಭವಾಗುತ್ತದೆ. ಅದಕ್ಕೆ ಮೊದಲು, ಹಿಂದಿನ ವಿದ್ಯಾರ್ಥಿಗಳಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಕಾಡಿನ ಪ್ರವಾಸದ ಹಳೆಯ ಟಿಪ್ಪಣಿ ಪುಸ್ತಕಗಳಿದ್ದರೆ ನೋಡಲು ಕೊಡಬೇಕೆಂದು ಕೋರುತ್ತೇವೆ. ಪುಟಗಳ ಪ್ರತಿ ತೆಗೆದುಕೊಂಡು ಪುಸ್ತಕವನ್ನು ಮರಳಿಸುತ್ತೇವೆ.