ಕಿವಿರಿನ ಮೇಲೊಂದು ಹತ್ತಿಯೆಳೆ

ನಮ್ಮ ಆಕ್ಸಲಾಟಲ್‌ನ (ನೀರಲ್ಲೇ ಬದುಕುವ, ತಲೆಯ ಹೊರಗೆ ಕುಚ್ಚಿನಂಥ ಕಿವಿರುಗಳಿರುವ ಉಭಯವಾಸಿ) ಎಡ ಕಿವಿರಿನ ತುದಿಯಲ್ಲಿ ಕಂಡ ಬಿಳಿಯ ಎಳೆಯನ್ನು ನಾನು ತಿಂದುಳಿದ ಎರೆಹುಳುವಿನ ಚೂರೆಂದೇ ಭಾವಿಸಿದ್ದೆ. ಮರುದಿನ ಅದು ಹಿಂಜಿದ ಹತ್ತಿಯಂತೆ ಹರಡಿಕೊಂಡಾಗಲೇ ಶಿಲೀಂಧ್ರದ ಸೋಂಕೆಂದು ತಿಳಿಯಿತು. ಪ್ರಾಣಿಯನ್ನು ಬೇರೆ ಡಬ್ಬಿಗೆ ಸಾಗಿಸಿ, ಸುಮಾರು 16ರಿಂದ 18 ಡಿಗ್ರಿ ಸೆಲ್ಸಿಯಸ್‌ನ ಕ್ಲೋರಿನ್‌ರಹಿತ ನೀರನ್ನು ದಿನವೂ ಪೂರ್ತಿ ಬದಲಿಸುತ್ತ, ಲೀಟರಿಗೆ 2 ಟೀಚಮಚ ಅಯೋಡಿನ್ ಇಲ್ಲದ ಉಪ್ಪು ಕರಗಿಸಿದ ನೀರಿನಲ್ಲಿ ದಿನಕ್ಕೆರಡು ಬಾರಿ 10 ನಿಮಿಷ ಇರಿಸಿದೆ. ಹೊತ್ತು ಮೀರಿದರೆ ಉಪ್ಪೇ ಕಿವಿರಿಗೆ ಹಾನಿ ಮಾಡುತ್ತದೆಯಾದ್ದರಿಂದ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ.

ಮೀನುಗಳಿಗೆಂದು ಮಾರುವ, ತಾಮ್ರವೋ ಮ್ಯಾಲಕೈಟ್ ಗ್ರೀನೋ ಬೆರೆತ ಔಷಧಿಯನ್ನು ಮಾತ್ರ ಹತ್ತಿರಕ್ಕೂ ತರಲಿಲ್ಲ. ಉಭಯವಾಸಿಯ ತೆಳುಚರ್ಮ ಎಲ್ಲವನ್ನೂ ನೇರವಾಗಿ ಹೀರಿಕೊಳ್ಳುತ್ತದೆ. ಪರಾವಲಂಬಿಗಳ ಮಾತು ಬೇರೆ: ಅವು ಬಹುಮಟ್ಟಿಗೆ ಆಹಾರಕ್ಕೆಂದು ಬಿಡುವ ಜೀವಂತ ಮೀನುಗಳೊಂದಿಗೆ ಬರುತ್ತವೆ, ಮತ್ತು ಪಶುವೈದ್ಯರು ಲೋಳೆಯನ್ನೋ ಮಲವನ್ನೋ ಸೂಕ್ಷ್ಮದರ್ಶಕದಲ್ಲಿ ನೋಡದೆ ಔಷಧಿ ಹಾಕುವುದು ಕತ್ತಲಲ್ಲಿ ಕಲ್ಲೆಸೆದಂತೆ.

ತೊಟ್ಟಿಯ ನೀರನ್ನು ಪರೀಕ್ಷಿಸಿದಾಗ, ಮಲ ಮತ್ತು ಉಳಿದ ಆಹಾರ ಕೊಳೆತು ಹುಟ್ಟುವ ಅಮೋನಿಯಾ ಏರಿತ್ತು. ರೋಗ ಬಂದದ್ದು ಹೊರಗಿನಿಂದಲ್ಲ, ನನ್ನ ಆಲಸ್ಯದಿಂದ ಎಂದು ಒಪ್ಪಿಕೊಳ್ಳಲು ತುಸು ಕಷ್ಟವಾಯಿತು. ಇಂದು ಬೆಳಿಗ್ಗೆ ಆ ಬಿಳುಪು ಕಳಚಿಬಿದ್ದಿದ್ದು, ಮೊಂಡಾದ ಕಿವಿರಿನಲ್ಲಿ ಕೆಂಪು ಕುಚ್ಚು ಮತ್ತೆ ಚಿಗುರುತ್ತಿದೆ.