ಡಿಸೆಂಬರ್‌ನಲ್ಲಿ ಯಾಕೆ ಕೆಲಸ ಒಪ್ಪಿಕೊಳ್ಳುವುದಿಲ್ಲ?

ನಾನು ಜಲವರ್ಣದಲ್ಲಿ ಚಿತ್ರ ಬರೆಯುವವಳು. ಮದುವೆ ಕರೆಯೋಲೆ, ಪುಸ್ತಕದ ಮುಖಪುಟ, ಹಾಲ್ ಗೋಡೆಗೆ ಒಂದು ಕೆರೆ, ಏನು ಕೇಳಿದರೂ ಮಾಡಿಕೊಡುತ್ತೇನೆ. ಆದರೆ ಧನುರ್ಮಾಸ ಶುರುವಾದರೆ ಸಂಕ್ರಾಂತಿಯವರೆಗೆ ಹೊಸ ಕೆಲಸ ಇಲ್ಲ. "ಯಾಕೆ, ವ್ರತಾನಾ?" ಅಂತ ಎಲ್ಲರೂ ಕೇಳುತ್ತಾರೆ. ಜನವರಿ ಆರಂಭದಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ, ಉಳಿದವರೆಲ್ಲ ಅದಕ್ಕೆ ಚಿತ್ರ ರಾಶಿ ಹಾಕುತ್ತಿರುವಾಗ ನಾನು ಕೈ ಕಟ್ಟಿ ಕೂರುತ್ತೇನೆ ಎಂದು ಕಾಣುತ್ತದೆ. ನಷ್ಟವೂ ಹೌದು. ಧನುರ್ಮಾಸದಲ್ಲಿ ಮದುವೆ ಇಲ್ಲ, ನಿಜ. ಆದರೆ ಮಾಘದ ಮದುವೆಗೆ ಕರೆಯೋಲೆ ಬೇಕಾಗುವುದು ಆಗಲೇ ಅಲ್ವಾ?

ಕಾರಣ ಬಹಳ ಸಣ್ಣದು. ಬಣ್ಣ ಒಣಗುವುದಿಲ್ಲ.

ಏಪ್ರಿಲ್‌ನಲ್ಲಿ ಆಕಾಶಕ್ಕೆ ನೀಲಿ ಎಳೆದು ಬ್ರಷ್ ತೊಳೆಯುವಷ್ಟರಲ್ಲಿ ಕಾಗದ ಆರಿರುತ್ತದೆ. ಈ ಚಳಿಯಲ್ಲಿ, ಬೆಳಗ್ಗೆ ಆರೂವರೆಗೆ, ಅದೇ ನೀಲಿ ಅರ್ಧ ಗಂಟೆ ಹಸಿಯಾಗಿಯೇ ಇರುತ್ತದೆ. ಗಾಳಿಯಲ್ಲೇ ಅಷ್ಟು ತೇವ ಇರುವಾಗ ನೀರು ಹೋಗುವುದಾದರೂ ಎಲ್ಲಿಗೆ? ಅಲ್ಟ್ರಾಮರೀನ್ ಕಣಗಳಿಗೆ ಕಾಗದದ ಗುಳಿಗಳಲ್ಲಿ ಇಳಿದು ಕೂರಲು ಪುರುಸೊತ್ತು ಸಿಗುತ್ತದೆ. ಸಣ್ಣ ರವೆ ಚೆಲ್ಲಿದ ಹಾಗೆ ತರಿ ಏಳುತ್ತದೆ. ಮೈಸೂರಿನ ಹಿರಿಯ ಚಿತ್ರಕಾರ ಕೆ. ವೆಂಕಟಪ್ಪನವರ ಊಟಿಯ ಜಲವರ್ಣ ಚಿತ್ರಗಳನ್ನು ನೋಡಿದವರಿಗೆ ಗೊತ್ತು, ಮಂಜಿಗೆ ಅವಸರದ ಕೈ ಆಗಿಬರುವುದಿಲ್ಲ.

ಒಂದು ವರ್ಷ ದುಡ್ಡಿನಾಸೆಗೆ ಬಿದ್ದು ಒಂದು ಮದುವೆ ಕರೆಯೋಲೆ ಒಪ್ಪಿಕೊಂಡೆ. ಹೇರ್ ಡ್ರೈಯರ್ ಹಿಡಿದು ಒಣಗಿಸಲು ಹೋದೆ. ಒಂದು ಮೂಲೆಯಲ್ಲಿ ನಿಂತಿದ್ದ ನೀರು ಅರೆ ಆರಿದ ಬಣ್ಣದೊಳಕ್ಕೆ ನುಗ್ಗಿ, ಅದನ್ನು ಅಂಚಿಗೆ ತಳ್ಳಿ, ಆಕಾಶದ ನಟ್ಟನಡುವೆ ಹೂಕೋಸು ಅರಳಿತು. (ನಾವು ಅದನ್ನು ಹೂಕೋಸು ಅಂತಲೇ ಕರೆಯುವುದು.) ಗಂಡಿನ ಕಡೆಯವರಿಗೆ ಮೋಡ ಎಂದು ಹೇಳಿ ಪಾರಾದೆ.

ಅಂದಿನಿಂದ ಸುಮ್ನೆ ಕಾಯುತ್ತೇನೆ. ಕಾಫಿ ಎಷ್ಟು ಅಂತ ಕುಡಿಯುವುದು? ಹಾಗಾಗಿ ಆ ವರ್ಷದ ಸ್ಕೆಚ್ ಪುಸ್ತಕಗಳನ್ನು ತೆಗೆದು ಹಾಳೆ ತಿರುವುತ್ತೇನೆ. ಮಾಡುವಾಗ ಕಾಣದ್ದು ಆಗ ಕಾಣುತ್ತದೆ. ಹೋದ ಸಲ ಎಣಿಸಿದೆ: ಇಪ್ಪತ್ತಮೂರು ಕೆರೆ, ಎಲ್ಲದರಲ್ಲೂ ನೀರಿನ ಗೆರೆ ಹಾಳೆಯ ಸರಿಯಾಗಿ ಅರ್ಧಕ್ಕೆ. ಸ್ಕೇಲ್ ಇಟ್ಟು ಎಳೆದ ಹಾಗೆ! ಮಾರಾಟವಾದ ಒಂದು ಕೆರೆಯನ್ನೇ ವರ್ಷವಿಡೀ ಮತ್ತೆ ಮತ್ತೆ ಬರೆದಿದ್ದೆ. ಅಮ್ಮ ಹಿಂದಿನಿಂದ ಬಗ್ಗಿ ನೋಡಿ, "ಒಂದರಲ್ಲೂ ಜನಾನೇ ಇಲ್ವಲ್ಲೇ" ಅಂದರು.

ಚಳಿಗಾಲ ಕಲೆಗೆ ಬಿಡುವಿನ ಕಾಲ ಎಂದು ನಾನು ಎಲ್ಲರಿಗೂ ಹೇಳುವುದಿಲ್ಲ. ಕರಾವಳಿಯ ಯಕ್ಷಗಾನ ಮೇಳಗಳದ್ದು ಉಲ್ಟಾ ಲೆಕ್ಕ. ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದರೆ ಅವರಿಗೆ ಮಳೆಗಾಲ ಬಿಡುವು, ಚಳಿಯಲ್ಲಿ ತಿರುಗಾಟ. ಬೆಂಗಳೂರಲ್ಲಿ ಅದೆಂಥ ಚಳಿ ಎಂದು ಮಡಿಕೇರಿಯ ಗೆಳತಿ ನಗುತ್ತಾಳೆ. 1884ರ ಜನವರಿಯಲ್ಲಿ ಇಲ್ಲಿ 7.8 ಡಿಗ್ರಿಗೆ ಇಳಿದಿತ್ತು ಕಣೇ ಎಂದು ಬಾಯಿ ಮುಚ್ಚಿಸುತ್ತೇನೆ. ನನ್ನ ಕಾಗದಕ್ಕೆ ಈಗಿನ ಚಳಿಯೇ ಜಾಸ್ತಿ.

ಅಮ್ಮನ ಮಾತು ಕೇಳಿದ ಮಾರನೇ ದಿನ ಗಾಂಧಿ ಬಜಾರಿಗೆ ಹೋದೆ. ಅವರೆಕಾಯಿಯ ಕಾಲ. ಇಬ್ಬನಿ ಕುಡಿದ ಸೊಗಡು ಬೀದಿಯ ತುದಿಗೇ ಮೂಗಿಗೆ ಬಡಿಯಿತು. ಒಬ್ಬ ಅಜ್ಜಿ ಬೇಸನ್ ತುಂಬ ನೆನೆಸಿದ ಕಾಳು ಇಟ್ಟುಕೊಂಡು ಹಿತುಕುತ್ತಾ ಕೂತಿದ್ದರು. ಹೆಬ್ಬೆರಳು, ತೋರುಬೆರಳು, ಒಂದು ಒತ್ತು, ಬೇಳೆ ಚಿಮ್ಮಿ ತಟ್ಟೆಗೆ. ಸಿಪ್ಪೆ ಬೆರಳಿಗೇ ಅಂಟಿಕೊಂಡಿರುತ್ತಿತ್ತು, ಅದನ್ನು ಸೀರೆಗೆ ಒರೆಸುತ್ತಿರಲಿಲ್ಲ, ಬೇಸನ್ನಿನ ಅಂಚಿಗೆ ಸವರುತ್ತಿದ್ದರು. ಕೂತು ಆ ಕೈಯನ್ನು ಆರು ಸಲ ಬರೆದೆ. ಐದು ಕೆಟ್ಟವು. ಆರನೆಯದರಲ್ಲಿ ಹೆಬ್ಬೆರಳು ಸ್ವಲ್ಪ ಉದ್ದವಾಯಿತು.

"ನನ್ ಬೆರಳು ಇಷ್ಟುದ್ದ ಇದ್ದಿದ್ರೆ ಮಧ್ಯಾಹ್ನಕ್ಕೇ ಮನೆಗೆ ಹೋಗ್ತಿದ್ದೆ ಕಣವ್ವಾ" ಅಂದರು ಅಜ್ಜಿ. ಅರ್ಧ ಕೆಜಿ ಹಿತಕಿದ ಬೇಳೆ ಕಟ್ಟಿಸಿಕೊಂಡು ಬಂದೆ.